ಮಾದರಿ ರೈಲಿನ ನಿಲ್ದಾಣಕ್ಕೆ ಗಂಟೆ, ಜನರ ಗದ್ದಲ: ಸದ್ದು ಸೇರಿಸುವುದು ಹೇಗೆ?

ಪ್ರಶ್ನೆ: ಎಚ್‌ಓ ಅಳತೆಯ (ಅಸಲಿ ರೈಲಿನ 87ನೇ ಒಂದರಷ್ಟು) ಲೇಔಟ್. ಗಾಡಿ ಪ್ಲಾಟ್‌ಫಾರ್ಮ್ ಹತ್ತಿರ ಬಂದಾಗ ಮಾತ್ರ ಗಂಟೆ ಬಾರಿಸಬೇಕು. ಡಿಎಫ್‌ಪ್ಲೇಯರ್ ಮಿನಿ (ಮೆಮೊರಿ ಕಾರ್ಡಿನಲ್ಲಿರುವ ಸದ್ದಿನ ಫೈಲು ನುಡಿಸುವ ಪುಟ್ಟ ಬೋರ್ಡು) ಜೋಡಿಸಿದ್ದೇನೆ, ಆದರೆ ಗುಂಯ್ ಎನ್ನುವ ಸದ್ದು ನಿಲ್ಲುತ್ತಿಲ್ಲ. ಆರ್ಡುಯಿನೊ (ಪ್ರೋಗ್ರಾಮ್ ಮಾಡಬಹುದಾದ ಪುಟ್ಟ ನಿಯಂತ್ರಕ ಬೋರ್ಡು) ಬೇಕೇಬೇಕೆ?

ಉತ್ತರ 1: ಒಂದೇ ಸದ್ದಿಗೆ ಬೇಡ. ಸ್ಲೀಪರ್‌ಗಳ ನಡುವೆ ರೀಡ್ ಸ್ವಿಚ್ (ಅಯಸ್ಕಾಂತ ಹತ್ತಿರ ಬಂದಾಗ ಕೂಡಿಕೊಳ್ಳುವ ಸ್ವಿಚ್), ಎಂಜಿನ್ ಅಡಿಗೆ ಪುಟ್ಟ ಅಯಸ್ಕಾಂತ. ಸ್ವಿಚ್ಚಿನ ಒಂದು ತುದಿ ಪ್ಲೇಯರ್‌ನ ಎಡಿಕೀ1 (ADKEY1) ಪಿನ್ನಿಗೆ, ಇನ್ನೊಂದು ಗ್ರೌಂಡ್ (GND) ಪಿನ್ನಿಗೆ. ಮೊದಲ ಫೈಲು ನುಡಿಯುತ್ತದೆ. ಮೆಮೊರಿ ಕಾರ್ಡನ್ನು ಫ್ಯಾಟ್32 (FAT32) ಮಾದರಿಗೆ ಫಾರ್ಮ್ಯಾಟ್ ಮಾಡಿ, ಗಂಟೆಯ ಫೈಲನ್ನೇ ಮೊದಲು ಕಾಪಿ ಮಾಡಿ. ಹೆಸರಿಗಿಂತ ಕಾಪಿಯಾದ ಕ್ರಮವೇ ಇಲ್ಲಿ ಲೆಕ್ಕಕ್ಕೆ ಬರುವುದು. ಬಹಳ ಜನ ಎಡವುವುದು ಇಲ್ಲೇ.

ಉತ್ತರ 2: ಗುಂಯ್ ಸದ್ದಿಗೆ: ಹಳಿಯ ವಿದ್ಯುತ್ತಿನಿಂದ ಪ್ಲೇಯರ್ ನಡೆಸಬೇಡಿ. ಬೇರೆಯೇ 5 ವೋಲ್ಟ್, 1 ಆಂಪಿಯರ್ ಅಡಾಪ್ಟರ್ ಕೊಡಿ, ಪ್ಲೇಯರ್‌ನ ಪಕ್ಕದಲ್ಲೇ 470 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿ. ಮುಂದೆ ಆರ್ಡುಯಿನೊ ಸೇರಿಸಿದರೆ ಪ್ಲೇಯರ್‌ನ ಆರ್‌ಎಕ್ಸ್ (RX, ಆದೇಶ ಪಡೆಯುವ ಪಿನ್) ತಂತಿಗೆ 1 ಕಿಲೋಓಮ್ ರೆಸಿಸ್ಟರ್ ಮರೆಯಬೇಡಿ. ಸ್ಪೀಕರಿನ ಯಾವ ತಂತಿಯನ್ನೂ ಗ್ರೌಂಡಿಗೆ ಸೇರಿಸಬಾರದು, ಚಿಪ್ ಸುಡುತ್ತದೆ.

ಉತ್ತರ 3: ಸ್ಪೀಕರ್ ಬರಿದೇ ತೂಗುಬಿಟ್ಟರೆ ಸದ್ದು ತೆಳ್ಳಗಾಗುತ್ತದೆ. ಹಿಂಬದಿಗೆ ಗಾಳಿಯಾಡದ ಡಬ್ಬಿ ಅಂಟಿಸಿ, ನಿಲ್ದಾಣದ ಕಟ್ಟಡದ ಕೆಳಗೇ ಇಡಿ. ವಾಲ್ಯೂಮ್ ಕಡಿಮೆಯೇ ಇರಲಿ. ಎರಡಡಿ ದೂರಕ್ಕೆ ಕೇಳಿಸಿದರೆ ಸಾಕು, ಆಗಲೇ ದೃಶ್ಯಕ್ಕೆ ಜೀವ ಬರುವುದು.