ಕಡ್ಡಿ ಬಿಗಿ ಮಾಡೋಕೆ ಯಾವ ಕೀ ಬೇಕು? ಮೇಸ್ತ್ರಿಗೆ ಕೇಳಿ

ಅಡ್ಮಿನ್: ಗೆಳೆಯರೇ, ಇವತ್ತು ಸಂಜೆ ಬಳ್ಳಾರಿಯ ನಮ್ಮ ಮೇಸ್ತ್ರಿ ಗುಂಪಿನಲ್ಲಿ ಇರುತ್ತಾರೆ. ಇಪ್ಪತ್ತು ವರ್ಷದಿಂದ ಸ್ಪೋಕ್ ಚಕ್ರ ಕಟ್ಟುತ್ತಿದ್ದಾರೆ. ವಿಷಯ ಒಂದೇ. ಕಲ್ಲು ಮಣ್ಣಿನಲ್ಲಿ ಓಡಿಸುವ ಬೈಕಿನ ಚಕ್ರದ ಕಡ್ಡಿ (ಸ್ಪೋಕ್) ಬಿಗಿ ಮಾಡಲು ಯಾವ ಸಾಮಾನು ತಗೋಬೇಕು, ಹೇಗೆ ಬಳಸಬೇಕು. ದಯವಿಟ್ಟು ಫಾರ್ವರ್ಡ್ ಹಾಕಬೇಡಿ.

ಕೊಪ್ಪಳ ಎಕ್ಸ್‌ಪಲ್ಸ್: ನಮಸ್ಕಾರ ಅಣ್ಣಾ. ಸೈಕಲ್ ಅಂಗಡಿಯಲ್ಲಿ ಗುಂಡನೆಯ ಸ್ಪೋಕ್ ಕೀ ಸಿಗುತ್ತೆ, ಸುತ್ತಲೂ ಕಚ್ಚು ಇರುತ್ತಲ್ಲ. ಅದು ಸಾಕಾ?

ಮೇಸ್ತ್ರಿ: ನಮಸ್ಕಾರ. ಸಾಲದು. ಅದು ಸೈಕಲ್ ನಿಪ್ಪಲ್‌ಗೆ, ಅಂದರೆ ಕಡ್ಡಿಯ ತುದಿಗೆ ರಿಮ್ಮಿನಲ್ಲಿ ಕೂರುವ ಚಿಕ್ಕ ನಟ್ಟಿಗೆ ಮಾಡಿದ್ದು. ಬೈಕಿನ ನಿಪ್ಪಲ್ ಅದಕ್ಕಿಂತ ದಪ್ಪ, ಸಾಮಾನ್ಯವಾಗಿ 5ರಿಂದ 7 ಮಿ.ಮೀ. ಒಳಗೆ ಇರುತ್ತದೆ. ಕೀ ಕೊಳ್ಳುವ ಮೊದಲು ವರ್ನಿಯರ್ (ದಪ್ಪ ಅಳೆಯುವ ಸಾಧನ) ಹಿಡಿದು ನಿಪ್ಪಲ್‌ನ ಎದುರು ಬದುರು ಮುಖಗಳ ಅಳತೆ ತಗೊಳ್ಳಿ. ಮುಂದಿನ ಚಕ್ರದ್ದೂ ತಗೊಳ್ಳಿ, ಹಿಂದಿನದ್ದೂ ತಗೊಳ್ಳಿ. ಎರಡೂ ಒಂದೇ ಇರಬೇಕು ಅಂತಿಲ್ಲ. ನಿಪ್ಪಲ್ ಮೇಲೆ ಕೂತ ಕೀ ಅಲುಗಾಡಬಾರದು. ಎರಡೇ ಮುಖ ಹಿಡಿಯುವ ಕೀಗಿಂತ ಮೂರು ನಾಲ್ಕು ಮೂಲೆ ಹಿಡಿಯುವುದು ಒಳ್ಳೆಯದು. ಹಿಡಿ ಗಿಡ್ಡ ಇರಲಿ. ಹಿಡಿ ಉದ್ದವಾದಷ್ಟೂ ಕೈಗೆ ಬಿಗಿ ಗೊತ್ತಾಗಲ್ಲ.

ಗಂಗಾವತಿ ಹುಡುಗ: ಕಟಿಂಗ್ ಪ್ಲೇಯರ್‌ನಲ್ಲಿ ಆಗಲ್ವಾ ಅಣ್ಣಾ?

ಮೇಸ್ತ್ರಿ: ಆಗಲ್ಲ. ನಿಪ್ಪಲ್ ಮೂಲೆ ಸವೆದು ಗುಂಡಗಾಗುತ್ತದೆ. ಆಮೇಲೆ ಯಾವ ಕೀಯೂ ಹಿಡಿಯಲ್ಲ.

ಕುಷ್ಟಗಿ ರೈಡರ್: ಸ್ಕ್ರೂ ಪಾನಾ ಬಳಸಬಹುದಾ?

ಮೇಸ್ತ್ರಿ: ಅದೇ ಉತ್ತರ.

ತೋರಣಗಲ್ಲು ರೈಡರ್: ಕೀ ಎಲ್ಲ ಯಾಕೆ? ಸ್ಪೋಕ್ ಟಾರ್ಕ್ ರೆಂಚ್ ತಗೊಳ್ಳಿ, ಸೆಟ್ ಮಾಡಿದಷ್ಟು ಬಿಗಿ ಬಂದ ಕೂಡಲೇ ಟಕ್ ಅನ್ನುತ್ತೆ, ಅಲ್ಲಿಗೆ ಮುಗಿಯಿತು. ನನ್ನ ಹತ್ತಿರ ಇದೆ.

ಸಿರುಗುಪ್ಪ ಗದ್ದೆ: ನಮ್ಮಪ್ಪ ರಾಜದೂತ್ ಕಾಲದಿಂದ ಕಡ್ಡಿ ತಟ್ಟಿ, ಸದ್ದು ಕೇಳಿ ಬಿಗಿ ಮಾಡುತ್ತಿದ್ದರು. ಟಿಣ್ ಅಂದರೆ ಸರಿ, ದಬ್ ಅಂದರೆ ಸಡಿಲ. ಸುಮ್ನೆ ಸಾವಿರಾರು ರೂಪಾಯಿ ಯಾಕೆ ಹಾಕಬೇಕು?

ತೋರಣಗಲ್ಲು ರೈಡರ್: ಕಿವಿ ನಂಬಿ ಚಕ್ರ ಓಡಿಸುವ ಕಾಲ ಹೋಯಿತು.

ಸಿರುಗುಪ್ಪ ಗದ್ದೆ: ನಿಮ್ಮ ರೆಂಚ್ ಬರುವ ಮೊದಲು ಯಾರೂ ಗಾಡಿ ಓಡಿಸಲೇ ಇಲ್ವಾ?

ಮೇಸ್ತ್ರಿ: ಇಬ್ಬರೂ ಸ್ವಲ್ಪ ತಡೆಯಿರಿ. ಎರಡೂ ಬೇಕು. ಹೊಸದಾಗಿ ಕಲಿಯುವವರಿಗೆ ರೆಂಚ್ ತುಂಬ ಸಹಾಯ, ಯಾಕೆಂದರೆ ಅವರು ಯಾವಾಗಲೂ ಜಾಸ್ತಿಯೇ ಬಿಗಿ ಮಾಡುತ್ತಾರೆ. ಎಷ್ಟಕ್ಕೆ ಸೆಟ್ ಮಾಡಬೇಕು ಅನ್ನುವುದು ನಿಮ್ಮ ಗಾಡಿಯ ಸರ್ವಿಸ್ ಪುಸ್ತಕದಲ್ಲಿ ಇರುತ್ತದೆ. ಹೆಚ್ಚಿನವು 2ರಿಂದ 6 ನ್ಯೂಟನ್ ಮೀಟರ್ (ತಿರುಗಿಸುವ ಬಲದ ಅಳತೆ) ಒಳಗೇ. ಕಾರಿನ ಚಕ್ರದ ನಟ್ಟಿಗೆ ಬಳಸುವ ದೊಡ್ಡ ಟಾರ್ಕ್ ರೆಂಚ್ ತರಬೇಡಿ, ಅದು ಇಷ್ಟು ಕಡಿಮೆ ಬಿಗಿಯನ್ನು ತೋರಿಸಲ್ಲ.

ಸಂಡೂರು ಗುಡ್ಡ: ಅಣ್ಣಾ, ನನ್ನದೊಂದು ತೊಂದರೆ ಇದೆ. ಹಿಂದಿನ ಚಕ್ರ 18 ಇಂಚು, 36 ಕಡ್ಡಿ. ರೆಂಚ್ 4ಕ್ಕೆ ಸೆಟ್ ಮಾಡಿದ್ದೇನೆ, ನನ್ನ ಗಾಡಿಯ ಪುಸ್ತಕದಲ್ಲಿ ಇರುವುದೇ ಅಷ್ಟು. ಪ್ರತಿ ಭಾನುವಾರ ಗುಡ್ಡಕ್ಕೆ ಹೋಗಿ ಬಂದ ಮೇಲೆ ರಿಮ್ ಲಾಕ್ (ಟೈರ್ ರಿಮ್ ಮೇಲೆ ಜಾರದಂತೆ ಹಿಡಿಯುವ ಕ್ಲಾಂಪ್) ಹತ್ತಿರದ ಐದು ಕಡ್ಡಿ ಸಡಿಲ ಆಗಿರುತ್ತವೆ. ಟಕ್ ಅನ್ನುವ ತನಕ ಬಿಗಿ ಮಾಡುತ್ತೇನೆ. ಮುಂದಿನ ವಾರ ಮತ್ತೆ ಅವೇ ಐದು. ಪಕ್ಕದ ಇನ್ನೆರಡು ಕಡ್ಡಿ ಟಕ್ ಅನ್ನುತ್ತವೆ, ಆದರೆ ತಟ್ಟಿದರೆ ದಬ್ ಅಂತಲೇ ಸದ್ದು. ರೆಂಚ್ ಕೆಟ್ಟಿದೆಯಾ?

ಗಂಗಾವತಿ ಹುಡುಗ: ಯಾವ ಕಡೆ ತಿರುಗಿಸಿದರೆ ಬಿಗಿ ಆಗುತ್ತೆ ಅಣ್ಣಾ?

ಮೇಸ್ತ್ರಿ: ಟೈರ್ ಕಡೆಯಿಂದ ನೋಡಿದರೆ ಗಡಿಯಾರದ ಮುಳ್ಳು ತಿರುಗುವ ಕಡೆ. ಹಬ್, ಅಂದರೆ ಚಕ್ರದ ನಡುಭಾಗದ ಕಡೆಯಿಂದ ನೋಡಿದರೆ ಉಲ್ಟಾ.

ಸಂಡೂರಿನವರೇ, ನಿಮ್ಮ ಪ್ರಶ್ನೆ ಎರಡು ಸಲ ಓದಿದೆ. ನಿಮ್ಮದು ಎರಡು ಬೇರೆ ಬೇರೆ ತೊಂದರೆ.

ಮೊದಲು ಆ ಪಕ್ಕದ ಎರಡು ಕಡ್ಡಿ. ರೆಂಚ್ ಅಳೆಯುವುದು ನಿಪ್ಪಲ್ ತಿರುಗಲು ಎಷ್ಟು ಒದ್ದಾಡುತ್ತದೆ ಅನ್ನುವುದನ್ನು. ಕಡ್ಡಿ ಎಷ್ಟು ಎಳೆದುಕೊಂಡಿದೆ ಅನ್ನುವುದನ್ನಲ್ಲ. ನಿಮ್ಮ ಕಡೆಯ ಅದಿರಿನ ಕೆಂಪು ಪುಡಿ ನಿಪ್ಪಲ್ಲಿನ ಮರೆಯ (ಥ್ರೆಡ್) ಒಳಗೆ ಹೋಗಿ ಕೂರುತ್ತದೆ. ಅದರ ಮೇಲೆ ವಾಟರ್ ಗನ್ ಹೊಡೆದರೆ ಇನ್ನೂ ಒಳಗೆ ಹೋಗುತ್ತದೆ, ತುಕ್ಕೂ ಸೇರುತ್ತದೆ. ನಿಪ್ಪಲ್ ಜಾಮ್ ಆಗುತ್ತದೆ. ಕಡ್ಡಿ ಸಡಿಲ ಇದ್ದರೂ ರೆಂಚ್ ಟಕ್ ಅನ್ನುತ್ತದೆ. ರೆಂಚ್ ಕೆಟ್ಟಿಲ್ಲ, ನಿಪ್ಪಲ್ ತಿರುಗುತ್ತಿಲ್ಲ. ಹಿಂದಿನ ರಾತ್ರಿ ನಿಪ್ಪಲ್ ಬುಡಕ್ಕೆ ಎರಡು ಹನಿ ತುಕ್ಕು ಬಿಡಿಸುವ ಎಣ್ಣೆ ಬಿಡಿ. ಬ್ರೇಕ್ ಡಿಸ್ಕ್ ಮೇಲೆ ಬಟ್ಟೆ ಮುಚ್ಚಿ ಬಿಡಿ. ಬೆಳಿಗ್ಗೆ ಮೊದಲು ಸ್ವಲ್ಪ ಬಿಚ್ಚಿ, ಸಲೀಸಾಗಿ ತಿರುಗುತ್ತದಾ ನೋಡಿ, ಆಮೇಲೆ ಬಿಗಿ ಮಾಡಿ.

ನನಗೆ ಹೆದರಿಕೆ ಆ ಐದು ಕಡ್ಡಿಗಳದ್ದು. ಹೊಸ ಚಕ್ರ ಆದರೆ ಮೊದಲ ಕೆಲವು ಓಟಗಳಲ್ಲಿ ಸಡಿಲ ಆಗುವುದು ಸಹಜ, ಎಲ್ಲಾ ಕಡ್ಡಿಗಳೂ ಕೂತುಕೊಳ್ಳಬೇಕಲ್ಲ. ಆದರೆ ಪ್ರತಿ ವಾರ ಅದೇ ಐದು, ಅದೇ ಜಾಗ, ಪ್ರತಿ ಸಲ ಇನ್ನಷ್ಟು ಒಳಗೆ ಹೋಗುತ್ತವೆ ಅಂದರೆ ಎಲ್ಲೋ ಏನೋ ಬಿಟ್ಟುಕೊಡುತ್ತಿದೆ. ರಿಮ್ಮಿನ ತೂತು ಸೀಳಿ ನಿಪ್ಪಲ್ ಒಳಗೆ ಇಳಿಯುತ್ತಿರಬಹುದು. ಇಲ್ಲವೇ ಹಬ್ಬಿನ ತೂತು ಅಗಲ ಆಗಿರಬಹುದು. ನಿಪ್ಪಲ್ ಸುತ್ತ ಒರೆಸಿ, ಕತ್ತಲಲ್ಲಿ ಟಾರ್ಚ್ ಪಕ್ಕದಿಂದ ಹಿಡಿದು ನೋಡಿ. ಕೂದಲಿನಂಥ ಗೆರೆ ಕಂಡರೆ ಉಗುರಿನಿಂದ ಸವರಿ. ಉಗುರು ಸಿಕ್ಕಿಕೊಂಡರೆ ಅದು ಸೀಳು. ಇನ್ನೊಂದು ಮಾತು. ಇಷ್ಟು ಸಲ ಬಿಗಿ ಮಾಡಿದ್ದೀರಿ, ಕಡ್ಡಿಯ ತುದಿ ನಿಪ್ಪಲ್ ದಾಟಿ ಟ್ಯೂಬಿಗೆ ಚುಚ್ಚುವಷ್ಟು ಬಂದಿರಬಹುದು. ನೋಡುವ ತನಕ ಗಾಡಿ ಹತ್ತಬೇಡಿ.

ಲಿಂಗಸುಗೂರು ಹಿಮಾಲಯನ್: ಅಣ್ಣಾ, ಸ್ಪೋಕ್ ರಿಮ್ಮನ್ನು ಟೇಪ್ ಹಾಕಿ ಟ್ಯೂಬ್‌ಲೆಸ್ ಮಾಡಿಸಬಹುದಾ? ಎರಡು ವಾರದಿಂದ ಕೇಳುತ್ತಿದ್ದೇನೆ.

ಕುಷ್ಟಗಿ ರೈಡರ್: ಇದು ನೋಡಿ ಎಲ್ಲರೂ, ಫಾರ್ವರ್ಡ್ ಬಂದಿದೆ: "ಸಡಿಲ ಕಡ್ಡಿಗೆ ಡೀಸೆಲ್ ಮತ್ತು ಹಳೆ ಎಂಜಿನ್ ಆಯಿಲ್ ಬೆರೆಸಿ ಸ್ಪ್ರೇ ಮಾಡಿ, ನಿಪ್ಪಲ್ ಮೇಲೆ ಫೆವಿಕ್ವಿಕ್ ಹಾಕಿ. ವರ್ಷವಿಡೀ ಬಿಗಿ."

ಮೇಸ್ತ್ರಿ: ಇದನ್ನು ಯಾರೂ ಮಾಡಬೇಡಿ. ಆ ಎಣ್ಣೆ ಡಿಸ್ಕ್ ಮೇಲೆ ಕೂತರೆ ಬ್ರೇಕ್ ಹಿಡಿಯಲ್ಲ. ಫೆವಿಕ್ವಿಕ್ ಹಾಕಿದ ನಿಪ್ಪಲ್ ಮುಂದಿನ ಸಲ ತಿರುಗಲ್ಲ, ಕೊನೆಗೆ ಕಡ್ಡಿ ಕತ್ತರಿಸಿಯೇ ತೆಗೆಯಬೇಕಾಗುತ್ತದೆ. ಅಂಥ ಚಕ್ರಗಳನ್ನು ನಾನು ಬಿಚ್ಚಿದ್ದೇನೆ. ಫಾರ್ವರ್ಡ್ ಬೇಡ ಅಂತ ಅಡ್ಮಿನ್ ಮೊದಲೇ ಹೇಳಿದ್ದರು ಅಲ್ವಾ?

ಕುಷ್ಟಗಿ ರೈಡರ್: ತುಂಬ ಜನಕ್ಕೆ ಉಪಯೋಗ ಆಗಿದೆಯಂತೆ.

ಮೇಸ್ತ್ರಿ: ಆ ಜನ ಯಾರು?

ಸಿರುಗುಪ್ಪ ಗದ್ದೆ: ಕಡ್ಡಿಗಳಿಗೆ ಬೈಂಡಿಂಗ್ ವೈರ್ ಸುತ್ತುವುದು ಹೇಗೆ? ಅದು ಹಳೇ ಪದ್ಧತಿ.

ಮೇಸ್ತ್ರಿ: ದಾರಿಯಲ್ಲಿ ಕಡ್ಡಿ ಮುರಿದರೆ ಪಕ್ಕದ ಕಡ್ಡಿಗೆ ಕಟ್ಟಿಕೊಂಡು ನಿಧಾನಕ್ಕೆ ಮನೆಗೆ ಬರಲು ಸರಿ. ಬಿಗಿ ಮಾಡಲು ಅಲ್ಲ.

ಕೊಪ್ಪಳ ಎಕ್ಸ್‌ಪಲ್ಸ್: ವರ್ನಿಯರ್ ಸಿಕ್ಕಿತು ಅಣ್ಣಾ. ಬಿಗಿ ಮಾಡುವುದು ಒಂದಾದ ಮೇಲೆ ಒಂದರಂತೆ ಮಾಡಬೇಕಾ?

ಮೇಸ್ತ್ರಿ: ಬೇಡ. ವಾಲ್ವ್ ಅಥವಾ ರಿಮ್ ಲಾಕ್ ಹತ್ತಿರ ಶುರು ಮಾಡಿ. ಒಂದು ಬಿಗಿ ಮಾಡಿ, ಎರಡು ಬಿಟ್ಟು ಮೂರನೆಯದಕ್ಕೆ ಹೋಗಿ. 36 ಕಡ್ಡಿ ಇದ್ದರೆ ಒಂದು ಸುತ್ತಿಗೆ 12, ಮೂರು ಸುತ್ತಿಗೆ ಎಲ್ಲ ಮುಗಿಯುತ್ತವೆ. ಹೀಗೆ ಹೋದರೆ ಒಂದು ಎಡಗಡೆಯದು, ಮುಂದಿನದು ಬಲಗಡೆಯದು ಸಿಗುತ್ತದೆ. ಒಂದು ಸಲಕ್ಕೆ ಕಾಲು ಸುತ್ತಿಗಿಂತ ಜಾಸ್ತಿ ತಿರುಗಿಸಬೇಡಿ.

ತೋರಣಗಲ್ಲು ರೈಡರ್: ನಾನು ವಿಡಿಯೋದಲ್ಲಿ ನೋಡಿದ್ದು ನಾಲ್ಕನೆಯದು.

ಮೇಸ್ತ್ರಿ: ನಾಲ್ಕನೆಯದಕ್ಕೆ ಹೋದರೆ ಒಂದು ಸುತ್ತು ಪೂರ್ತಿ ಒಂದೇ ಬದಿಯ ಕಡ್ಡಿ ಬರುತ್ತದೆ. ರಿಮ್ ಆ ಕಡೆಗೆ ಎಳೆಯುತ್ತದೆ. ಬೈಕ್ ಎತ್ತಿ ನಿಲ್ಲಿಸಿ, ಎಣಿಸಿ ನೋಡಿ.

ತೋರಣಗಲ್ಲು ರೈಡರ್: ಅಷ್ಟು ದೊಡ್ಡ ಚಾನೆಲ್‌ನವರು ತಪ್ಪು ಹೇಳ್ತಾರಾ?

ಸಿರುಗುಪ್ಪ ಗದ್ದೆ: ಚಕ್ರ ಕಟ್ಟುವವರ ಎದುರು ವಿಡಿಯೋ ಮಾತು ಯಾಕೆ?

ತೋರಣಗಲ್ಲು ರೈಡರ್: ನಿಮ್ಮನ್ನು ಯಾರೂ ಕೇಳಲಿಲ್ಲ.

ಅಡ್ಮಿನ್: ಇಬ್ಬರೂ ಸುಮ್ಮನಿರಿ.

ಸಂಡೂರು ಗುಡ್ಡ: ಅಣ್ಣಾ, ಟಾರ್ಚ್ ಹಿಡಿದು ನೋಡಿದೆ. ಎರಡು ತೂತಿನ ಹತ್ತಿರ ಗೆರೆ ಇದೆ. ಒಂದರಲ್ಲಿ ಉಗುರು ಸಿಕ್ಕಿಕೊಳ್ಳುತ್ತದೆ. ಮೊದಮೊದಲು ರೆಂಚ್ ಇರಲಿಲ್ಲ, ಸ್ಕ್ರೂ ಪಾನಾದಲ್ಲಿ ಜೋರಾಗಿ ಬಿಗಿ ಮಾಡಿದ್ದೆ. ತಪ್ಪು ನನ್ನದೇ.

ಗಂಗಾವತಿ ಹುಡುಗ: ಆರ್ಗನ್ ವೆಲ್ಡಿಂಗ್ ಮಾಡಿಸಿಬಿಡಿ. ಹೊಸ ರಿಮ್ ಖರ್ಚು ಉಳಿಯುತ್ತೆ.

ಮೇಸ್ತ್ರಿ: ಬೇಡ, ಖಂಡಿತ ಬೇಡ. ಈ ಅಲ್ಯೂಮಿನಿಯಂ ರಿಮ್ಮಿಗೆ ಗಟ್ಟಿತನ ಬಂದಿರುವುದು ಕಾರ್ಖಾನೆಯಲ್ಲಿ ಕೊಟ್ಟ ಶಾಖದ ಹದದಿಂದ. ವೆಲ್ಡಿಂಗ್ ಬಿಸಿ ತಾಗಿದ ಜಾಗ ಮೆತ್ತಗಾಗುತ್ತದೆ. ಕಡ್ಡಿ ಎಳೆಯುವುದು ಅಲ್ಲೇ. ಗುಡ್ಡ ಇಳಿಯುವಾಗ ರಿಮ್ ಬಾಯಿ ಬಿಟ್ಟರೆ ಬೈಕ್ ಕೈಗೆ ಸಿಗಲ್ಲ. ದಯವಿಟ್ಟು ಯಾರೂ ಇಂಥ ಸಲಹೆ ಕೊಡಬೇಡಿ, ಇನ್ನೊಬ್ಬರ ಜೀವದ ವಿಷಯ ಇದು.

ಸಂಡೂರಿನವರೇ, ನೀವು ನಿಜ ಹೇಳಿದ್ದು ಒಳ್ಳೆಯದಾಯಿತು. ಗಾಡಿ ಓಡಿಸಿಕೊಂಡು ಬರಬೇಡಿ. ಚಕ್ರ ಬಿಚ್ಚಿ ಬಸ್ಸಿನಲ್ಲಿ ಹಾಕಿಕೊಂಡು ಬನ್ನಿ. ರಿಮ್ ಬದಲಿಸಲೇಬೇಕು. ಹಬ್, ಕಡ್ಡಿ ಉಳಿಯುತ್ತವಾ ಅಂತ ಬಿಚ್ಚಿ ನೋಡಿ ಹೇಳುತ್ತೇನೆ. ಕಟ್ಟುವಾಗ ಪಕ್ಕದಲ್ಲಿ ಕೂತು ನೋಡಿ, ನಿಮ್ಮ ಕೈಯಲ್ಲೇ ಒಂದು ಸುತ್ತು ಬಿಗಿ ಮಾಡಿಸುತ್ತೇನೆ.

ಸಂಡೂರು ಗುಡ್ಡ: ನಾಳೆ ಬೆಳಿಗ್ಗೆ ಬರುತ್ತೇನೆ ಅಣ್ಣಾ.

ಕೊಪ್ಪಳ ಎಕ್ಸ್‌ಪಲ್ಸ್: ಚಕ್ರ ಎಷ್ಟು ಅಲುಗಾಡಿದರೆ ಪರವಾಗಿಲ್ಲ?

ಮೇಸ್ತ್ರಿ: ಅನೇಕ ಗಾಡಿಗಳ ಪುಸ್ತಕದಲ್ಲಿ ಮಿತಿ 2 ಮಿ.ಮೀ. ಪಕ್ಕಕ್ಕೂ ಅಷ್ಟೇ, ಮೇಲೆ ಕೆಳಗೂ ಅಷ್ಟೇ. ಡಯಲ್ ಗೇಜ್ (ಅಲುಗಾಟ ಅಳೆಯುವ ಸಾಧನ) ಇಲ್ಲದಿದ್ದರೆ ಫೋರ್ಕಿಗೆ ಕೇಬಲ್ ಟೈ ಕಟ್ಟಿ, ಅದರ ತುದಿ ರಿಮ್ಮಿಗೆ ತಾಗುವಂತೆ ಕತ್ತರಿಸಿ, ಚಕ್ರ ತಿರುಗಿಸಿ ನೋಡಿ.

ಲಿಂಗಸುಗೂರು ಹಿಮಾಲಯನ್: ನನ್ನ ಟ್ಯೂಬ್‌ಲೆಸ್ ಪ್ರಶ್ನೆ?

ಕುಷ್ಟಗಿ ರೈಡರ್: ರೆಂಚ್ ಎಷ್ಟಕ್ಕೆ ಸೆಟ್ ಮಾಡಬೇಕು ಅಂತ ಯಾರಾದ್ರೂ ಹೇಳಿ.

ಮೇಸ್ತ್ರಿ: ಮೇಲೆ ಬರೆದಿದ್ದೇನೆ, ಓದಿ. ಅಂಗಡಿಯಲ್ಲಿ ಒಂದು ಚಕ್ರ ಕಾಯುತ್ತಿದೆ, ಹೊರಡುತ್ತೇನೆ.