ಮನೆ ಮಾರಿ ಹೊರದೇಶಕ್ಕೆ ಪಾಠ ಹೇಳೋಕೆ: ಭಾನುವಾರದ ಆಡಿಟರ್ ಪ್ರಶ್ನೋತ್ತರ

ಅಡ್ಮಿನ್: ಮೈಸೂರು–ಮಂಡ್ಯ ಮೇಷ್ಟ್ರುಗಳ ಗುಂಪಿಗೆ ನಮಸ್ಕಾರ. ನಲವತ್ತು ದಾಟಿದ ಮೇಲೆ ಎಲ್ಲಾ ಮಾರಿ ಹೊರದೇಶದ ಶಾಲೆ ಸೇರೋ ಯೋಚನೆ ನಮ್ಮಲ್ಲಿ ಸುಮಾರು ಜನಕ್ಕೆ ಬಂದಿದೆ. ಸರಸ್ವತಿಪುರಂನ ನಮ್ಮ ಆಡಿಟರ್ ಸರ್ ಸಂಜೆವರೆಗೆ ಉತ್ತರ ಕೊಡ್ತಾರೆ. ದಯವಿಟ್ಟು ಫಾರ್ವರ್ಡ್ ಹಾಕಬೇಡಿ.

ಗಣಿತ ಮೇಡಂ, ಕುವೆಂಪುನಗರ: ನಮಸ್ಕಾರ ಸರ್. ವಯಸ್ಸು 47, ಎಂ.ಎಸ್ಸಿ., ಬಿ.ಎಡ್. ಯಜಮಾನರು ತೀರಿಕೊಂಡು ಆರು ವರ್ಷ. ಮಗಳು ಬೆಂಗಳೂರಲ್ಲಿ ಕೆಲಸದಲ್ಲಿದ್ದಾಳೆ. ದುಬೈಯ ಒಂದು ಶಾಲೆಗೆ ಏಜೆಂಟ್ ಮೂಲಕ ಆಯ್ಕೆ ಆಗಿದೆ, ಆಗಸ್ಟ್‌ನಲ್ಲಿ ಹೊರಡಬೇಕು. ಸದ್ಯಕ್ಕೆ ವಿಸಿಟ್ ವೀಸಾ, ಅಲ್ಲಿ ಹೋದಮೇಲೆ ಬದಲಾಯಿಸ್ತಾರಂತೆ. ಏಜೆಂಟ್ ಮೂರೂವರೆ ಲಕ್ಷ ಕೇಳಿದ್ದಾರೆ. ಅದಕ್ಕೇ ಮನೆ ಮಾರ್ತಿದೀನಿ. 2004ರಲ್ಲಿ ಯಜಮಾನರ ಹೆಸರಲ್ಲಿ 12 ಲಕ್ಷಕ್ಕೆ ಕೊಂಡಿದ್ದು, ಈಗ 96 ಲಕ್ಷಕ್ಕೆ ಮಾತಾಗಿದೆ. ತೆರಿಗೆ ಎಷ್ಟು ಬರುತ್ತೆ?

ವಿಜ್ಞಾನ ಮೇಷ್ಟ್ರು, ಬೋಗಾದಿ: ಎನ್‌ಆರ್‌ಐ ಆದಮೇಲೆ ಮಾರಿದರೆ ಒಂದು ಪೈಸೆ ತೆರಿಗೆ ಇಲ್ಲ. ದುಬೈಲಿ ಇನ್‌ಕಮ್ ಟ್ಯಾಕ್ಸೇ ಇಲ್ವಲ್ಲ! (ಫಾರ್ವರ್ಡ್)

ಆಡಿಟರ್: ಸುಳ್ಳು. ಮನೆ ಕುವೆಂಪುನಗರದಲ್ಲಿದೆ, ದುಬೈಲಿಲ್ಲ. ಆಸ್ತಿ ಎಲ್ಲಿದೆಯೋ ತೆರಿಗೆ ಅಲ್ಲಿ.

ಮೇಡಂ, ನೀವು ಕೇಳಿದ್ದು ತೆರಿಗೆ. ನನಗೆ ಚಿಂತೆ ಹತ್ತಿರೋದು ಬೇರೆ ಕಡೆ. ಮೊದಲು ಲೆಕ್ಕ ಮುಗಿಸಿಬಿಡ್ತೀನಿ. ಲಾಭ 84 ಲಕ್ಷ, ಅದರ ಶೇ. 12.5 ಅಂದರೆ ಹತ್ತೂವರೆ ಲಕ್ಷ, ಆ ತೆರಿಗೆ ಮೇಲೆ ಇನ್ನಷ್ಟು ಸೇರೋ ಸರ್ಚಾರ್ಜು, ಸೆಸ್ಸು ಬೇರೆ. 2024ರ ಜುಲೈ 23ಕ್ಕೆ ಮೊದಲು ಕೊಂಡ ಆಸ್ತಿಗೆ ಬೆಲೆಯೇರಿಕೆ ಕಳೆದು ಶೇ. 20 ಕಟ್ಟೋ ಹಳೇ ದಾರಿನೂ ಇದೆ. ಆದರೆ ಅದು ನಿವಾಸಿಗಳಿಗೆ ಮಾತ್ರ, ನಿಮ್ಮ ಲೆಕ್ಕದಲ್ಲಿ ಅದು ಇನ್ನೂ ಜಾಸ್ತೀನೇ ಬರುತ್ತೆ.

ಈಗ ಯಾರ ತಲೆಗೂ ಹೋಗದ ವಿಷಯ. ಆಗಸ್ಟ್‌ನಲ್ಲಿ ಕೆಲಸಕ್ಕೆ ಅಂತ ಹೊರಟರೆ ಆ ಹಣಕಾಸು ವರ್ಷದಲ್ಲಿ ನೀವು ಇಲ್ಲಿ 182 ದಿನ ಇದ್ದ ಹಾಗಾಗಲ್ಲ. ಹಾಗಾಗಿ ಏಪ್ರಿಲ್ 1ರಿಂದಲೇ, ಇಡೀ ವರ್ಷಕ್ಕೆ, ಸಾಮಾನ್ಯವಾಗಿ ಅನಿವಾಸಿ. ಜೂನ್‌ನಲ್ಲಿ ಇಲ್ಲೇ ಕೂತು ರಿಜಿಸ್ಟರ್ ಮಾಡಿಸಿದರೂ ಅಷ್ಟೇ. ನಿವಾಸಿ ಮಾರಿದರೆ ಕೊಳ್ಳೋರು ಟಿಡಿಎಸ್ (ದುಡ್ಡು ಕೊಡೋವಾಗಲೇ ಮುರಿದು ಸರ್ಕಾರಕ್ಕೆ ಕಟ್ಟೋ ತೆರಿಗೆ) ಹಿಡಿಯೋದು ಶೇ. 1, ಅಂದರೆ 96 ಸಾವಿರ. ಅನಿವಾಸಿ ಮಾರಿದರೆ ಲಾಭದ ಮೇಲಲ್ಲ, ಪೂರ್ತಿ ಬೆಲೆ ಮೇಲೆ, ಸರ್ಚಾರ್ಜು ಸೆಸ್ಸು ಸೇರಿ ಶೇ. 14.3, ಅಂದರೆ 13 ಲಕ್ಷ 70 ಸಾವಿರಕ್ಕೂ ಮೇಲೆ. ಕಡಿಮೆ ಹಿಡಿಯೋಕೆ ಆದಾಯ ತೆರಿಗೆ ಇಲಾಖೆಯಿಂದ ಸರ್ಟಿಫಿಕೇಟ್ ತರಬಹುದು, ವಾರಗಟ್ಟಲೆ ಓಡಾಟ. ಕೊಳ್ಳೋರಿಗೆ ಇದನ್ನ ಹೇಳಿದ್ದೀರಾ?

ಇನ್ನು ಆ ಏಜೆಂಟ್. ಹೊರದೇಶಕ್ಕೆ ಜನ ಕಳಿಸೋರು ವಿದೇಶಾಂಗ ಇಲಾಖೆಯಲ್ಲಿ ನೋಂದಣಿ ಆಗಿರಬೇಕು, ಇ–ಮೈಗ್ರೇಟ್ ತಾಣದಲ್ಲಿ ಹೆಸರು ಹುಡುಕಿ. ಅವರು ತಗೋಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ, ಮೇಲೆ ಜಿಎಸ್‌ಟಿ. ಯುಎಇ ಕಾನೂನಿನಲ್ಲಿ ನೇಮಕದ ಖರ್ಚು ಕೆಲಸ ಕೊಡೋರದ್ದು. ವಿಸಿಟ್ ವೀಸಾದಲ್ಲಿ ಪಾಠ ಮಾಡೋದು ಅಲ್ಲಿ ಅಪರಾಧ. ನಿಜವಾಗಿ ಕರೆಸಿಕೊಳ್ಳೋ ಶಾಲೆ ನಿಮ್ಮ ಡಿಗ್ರಿ, ಬಿ.ಎಡ್. ಎರಡಕ್ಕೂ ರಾಜ್ಯದ್ದು, ವಿದೇಶಾಂಗ ಇಲಾಖೆದು, ಯುಎಇ ರಾಯಭಾರ ಕಚೇರಿದು ಸೀಲು ಕೇಳುತ್ತೆ. ನಿಮ್ಮನ್ನ ಯಾರಾದರೂ ಕೇಳಿದ್ರಾ?

ಕೊನೇದು. ಮನೆ ಯಜಮಾನರ ಹೆಸರಲ್ಲಿತ್ತು ಅಂದಿರಿ. ವಿಲ್ ಇತ್ತಾ? ಅವರ ತಾಯಿ ಇದ್ದಾರಾ?

ಇಂಗ್ಲಿಷ್ ಟೀಚರ್, ವಿಜಯನಗರ 4ನೇ ಹಂತ: ಸರ್, ದುಬೈಲಿ ಫ್ಲ್ಯಾಟ್ ತಗೊಂಡರೆ ಇಲ್ಲಿನ ಲಾಭಕ್ಕೆ ವಿನಾಯಿತಿ ಸಿಗುತ್ತಾ?

ಆಡಿಟರ್: ಇಲ್ಲ. 2014ರ ಬಜೆಟ್ ಆದಮೇಲೆ ಭಾರತದೊಳಗಿನ ಮನೆಗೆ ಮಾತ್ರ. ಇಲ್ಲಾಂದ್ರೆ ಆರು ತಿಂಗಳೊಳಗೆ ಸರ್ಕಾರ ಗುರುತಿಸಿದ ಸಂಸ್ಥೆಗಳ ಬಾಂಡು, 50 ಲಕ್ಷದವರೆಗೆ.

ಪಿ.ಟಿ. ಮೇಷ್ಟ್ರು, ಹೆಬ್ಬಾಳ: ನಾಯಿ ಕರ್ಕೊಂಡು ಹೋಗಬಹುದಾ ಸರ್? ಲ್ಯಾಬ್ರಡಾರ್, 9 ವರ್ಷ.

ಕಬ್ಬಿನ ಗದ್ದೆ, ಮಂಡ್ಯ: ನಮಸ್ಕಾರ ಸಾ. ನಂದು ಎರಡೆಕರೆ ನಾಲೆ ಬಯಲು, ಊರು ಮಂಡ್ಯದಿಂದ 9 ಕಿ.ಮೀ. ಹೈಸ್ಕೂಲು ಮೇಷ್ಟ್ರು ಕೆಲ್ಸ ಬುಟ್ಟು ನಮ್ ಹೆಂಗ್ಸೂ ನಾನೂ ಮಾಲ್ಡೀವ್ಸ್‌ಗೆ ಹೋಗುವಾ ಅಂತ. ಗದ್ದೆ ಮಾರುದ್ರೆ ಟ್ಯಾಕ್ಸ್ ಕಟ್ಬೇಕಾ?

ಆಡಿಟರ್: ಮಂಡ್ಯದ ಜನಸಂಖ್ಯೆ ಒಂದು ಲಕ್ಷಕ್ಕೆ ಮೇಲೆ, ಹತ್ತು ಲಕ್ಷದೊಳಗೆ. ಆದ್ದರಿಂದ ನಗರಸಭೆ ಗಡಿಯಿಂದ 6 ಕಿ.ಮೀ. ಆಚೆ ಇದ್ದರೆ ಅದು ಗ್ರಾಮೀಣ ಕೃಷಿಭೂಮಿ, ಬಂಡವಾಳ ಲಾಭದ ತೆರಿಗೆ ಇಲ್ಲ. ನಿಮ್ಮ 9 ಕಿ.ಮೀ. ಬೈಕ್ ಮೀಟರಿನದು ತಾನೇ? ಕಾನೂನು ಅಳೆಯೋದು ಹಕ್ಕಿ ಹಾರೋ ದಾರೀಲಿ. ಸರ್ವೆಯವರ ಹತ್ರ ಬರೆಸಿಕೊಳ್ಳಿ.

ತೆರಿಗೆ ಉಳೀತು ಅಂತ ಹಿಗ್ಗಬೇಡಿ. ಅನಿವಾಸಿ ಆದಮೇಲೆ ಕೃಷಿಭೂಮಿ ಕೊಳ್ಳೋ ಹಾಗಿಲ್ಲ. ಪಿತ್ರಾರ್ಜಿತವಾಗಿ ಬಂದರೆ ಸರಿ, ದುಡ್ಡು ಕೊಟ್ಟು ಕೊಳ್ಳೋಕಾಗಲ್ಲ. ಅಲ್ಲಿ ದುಡಿದು ಕಳಿಸಿ ಪಕ್ಕದ ಗದ್ದೆ ಹಿಡೀತೀನಿ ಅನ್ನೋ ಲೆಕ್ಕ ಇದ್ದರೆ ಬಿಡಿ.

ಬೋಗಾದಿ: ಕರ್ನಾಟಕದಲ್ಲಿ 2020ರಿಂದ ಯಾರು ಬೇಕಾದ್ರೂ ಜಮೀನು ತಗೋಬಹುದು ಅಂತ ಆಯ್ತಲ್ಲ ಸರ್?

ಆಡಿಟರ್: ಅದು ರಾಜ್ಯದ ಭೂಸುಧಾರಣೆ ಕಾಯ್ದೆ. ನಾನು ಹೇಳ್ತಿರೋದು ಕೇಂದ್ರದ ಫೆಮಾ, ಅಂದರೆ ವಿದೇಶಿ ವಿನಿಮಯ ಕಾಯ್ದೆ. ಬೇರೆ ಬೇರೆ.

ಶ್ರೀರಂಗಪಟ್ಟಣದ ನಿವೃತ್ತ ಮೇಷ್ಟ್ರು: ನಾಲೆ ಬಯಲು ಮಾರಿ ಸಮುದ್ರದ ಮಧ್ಯೆ ಹೋಗಿ ಪಾಠ ಹೇಳ್ತಾರಂತೆ. ಅಪ್ಪ ತಾತ ಉತ್ತ ನೆಲ. ನಾಚಿಕೆ ಆಗ್ಬೇಕು.

ಕಬ್ಬಿನ ಗದ್ದೆ: ಕಬ್ಬು ಕಡ್ದು ದುಡ್ಗೆ ತಿಂಗ್ಳುಗಟ್ಲೆ ಕಾಯೋರು ನಾವು ಸಾ. ನಿಮ್ಗೆ ಒಂದ್ನೇ ತಾರೀಕು ಪಿಂಚಣಿ ಬತ್ತದೆ. ನಾಚ್ಕೆ ನಿಮ್ಗೇ ಇರ್ಲಿ.

ಮಾಲ್ಡೀವ್ಸ್‌ನಿಂದ ಬಂದವನು, ಜಯಲಕ್ಷ್ಮೀಪುರಂ: ನಾಲ್ಕು ವರ್ಷ ದ್ವೀಪದಲ್ಲಿ ಗಣಿತ ಹೇಳಿದೀನಿ. ಹಳೇ ಬಜಾಜ್ ಕೂಡ ಮಾರಿರಲಿಲ್ಲ, ಭಾವನ ಶೆಡ್ಡಲ್ಲಿ ಟಾರ್ಪಾಲು ಹೊದಿಸಿಟ್ಟು ಹೋಗಿದ್ದೆ. ಶುಕ್ರವಾರ–ಶನಿವಾರ ರಜ. ತರಕಾರಿ ದೋಣಿ ಬಂದ ದಿನ ಹಬ್ಬ. ಎರಡನೇ ವರ್ಷ ಒಂದು ಬದನೆಕಾಯಿ ಕೈಯಲ್ಲಿ ಹಿಡಿದು ಅತ್ತಿದೀನಿ, ಸುಳ್ಳಲ್ಲ. ವಾಪಸ್ ಬರೋಕೆ ಮನೆ ಇತ್ತು, ಬಂದೆ.

ಶ್ರೀರಂಗಪಟ್ಟಣ: ನಾನೂ ಅದನ್ನೇ ಹೇಳಿದ್ದು.

ಜಯಲಕ್ಷ್ಮೀಪುರಂ: ಇಲ್ಲ ಸರ್, ನೀವು ಹೇಳಿದ್ದು ಹೋಗಬೇಡಿ ಅಂತ. ನಾನು ಹೇಳ್ತಿರೋದು ಮಾರಬೇಡಿ ಅಂತ.

ಇಂಗ್ಲಿಷ್ ಟೀಚರ್: ಮಾರದೆ ಹೋಗೋಕೆ ಎಲ್ಲರ ಹತ್ರ ಉಳಿತಾಯ ಇರುತ್ತಾ? ಖಾಸಗಿ ಶಾಲೆ ಸಂಬಳ ಎಷ್ಟು ಅಂತ ಇಲ್ಲಿರೋ ಗಂಡಸರಿಗೆ ಗೊತ್ತಾ?

ಹೊಸ ಸದಸ್ಯ, ಮದ್ದೂರು: ಸರ್ ಎನ್‌ಆರ್‌ಐ ಆದ್ಮೇಲೆ ಮಾರಿದ್ರೆ ಟ್ಯಾಕ್ಸ್ ಇಲ್ವಂತೆ, ಹೌದಾ?

ಆಡಿಟರ್: ಮೇಲೆ ಓದಿ.

ಗಣಿತ ಮೇಡಂ: ಕ್ಷಮಿಸಿ ಸರ್, ಕ್ಲಾಸಲ್ಲಿದ್ದೆ. ವಿಲ್ ಇಲ್ಲ. ಆದರೆ ಖಾತೆ ನನ್ನ ಹೆಸರಿಗೇ ಆಗಿದೆ. ಅತ್ತೆ ಇದ್ದಾರೆ, 79 ವರ್ಷ, ನನ್ನ ಜೊತೆಗೇ ಇರೋದು. ನಾನು ಹೋದಮೇಲೆ ಮಂಡ್ಯದಲ್ಲಿ ನಾದಿನಿ ನೋಡ್ಕೋತಾಳೆ. ಐದು ಲಕ್ಷ ಅಡ್ವಾನ್ಸ್ ಕ್ಯಾಶ್ ತಗೊಂಡಾಗಿದೆ.

ಆಡಿಟರ್: ಖಾತೆ ಕಂದಾಯ ಕಟ್ಟೋಕಿರೋ ದಾಖಲೆ. ಒಡೆತನ ಅಲ್ಲ. ವಿಲ್ ಇಲ್ಲದೆ ಗಂಡಸು ತೀರಿಕೊಂಡರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ಹೆಂಡತಿ, ಮಕ್ಕಳು, ತಾಯಿ ಎಲ್ಲರೂ ಮೊದಲ ದರ್ಜೆ ವಾರಸುದಾರರು, ಸಮಪಾಲು. ನಿಮ್ಮ ಸ್ವಂತ ದುಡ್ಡು ಹಾಕಿದ್ದು ಬೇರೆ ಮಾತು, ಅದನ್ನ ವಕೀಲರ ಹತ್ರ ಕೇಳಿ. ಹಾಗಲ್ಲದಿದ್ದರೆ 96ರಲ್ಲಿ ನಿಮ್ಮದು 32, ಮಗಳದು 32, ಅತ್ತೆಯವರದು 32. ಮೂವರ ಸಹಿ ಇಲ್ಲದ ಕ್ರಯಪತ್ರಕ್ಕೆ ನಾಳೆ ನಿಮ್ಮ ನಾದಿನಿಯೇ ಕೋರ್ಟಿಗೆ ಹೋಗಬಹುದು.

ಬೆಳಗ್ಗೆ ನಾನು ಹಾಕಿದ ಲೆಕ್ಕವೂ ಬಿದ್ದುಹೋಯ್ತು. ಅತ್ತೆ, ಮಗಳು ನಿವಾಸಿಗಳು, ಅವರ ಪಾಲಿಗೆ ಶೇ. 1. ನಿಮ್ಮ 32 ಲಕ್ಷಕ್ಕೆ ಮಾತ್ರ ಅನಿವಾಸಿ ದರ, 50 ಲಕ್ಷದೊಳಗೆ ಇರೋದರಿಂದ ಸರ್ಚಾರ್ಜ್ ಬರಲ್ಲ, ಸೆಸ್ಸು ಸೇರಿ ಶೇ. 13, ಅಂದರೆ 4 ಲಕ್ಷ 16 ಸಾವಿರ ಹಿಡೀತಾರೆ.

ಕ್ಯಾಶ್ ವಿಷಯ: ಆಸ್ತಿ ಮಾರಾಟಕ್ಕೆ 20,000 ರೂಪಾಯಿ ಅಥವಾ ಅದಕ್ಕೆ ಮೇಲೆ ನಗದು ತಗೋಳೋ ಹಾಗೇ ಇಲ್ಲ. ತಗೊಂಡಷ್ಟೇ ದಂಡ ಹಾಕೋ ಅಧಿಕಾರ ಇಲಾಖೆಗಿದೆ. ಆ ಐದು ಲಕ್ಷದಲ್ಲಿ ಏಜೆಂಟ್‌ಗೆ ಎಷ್ಟು ಹೋಗಿದೆ?

ಗಣಿತ ಮೇಡಂ: ಒಂದೂವರೆ.

ಬೋಗಾದಿ: ಹೀಗೆ ಹೆದರಿಸಿದ್ರೆ ಯಾರೂ ಎಲ್ಲಿಗೂ ಹೋಗಲ್ಲ ಬಿಡಿ. ನಮ್ಮ ಷಡ್ಡಕ ಎಲ್ಲಾ ದುಡ್ಡನ್ನೂ ಎನ್‌ಆರ್‌ಇ ಖಾತೆಗೆ ಹಾಕಿ ಆರಾಮಾಗಿದಾನೆ.

ಆಡಿಟರ್: ಎನ್‌ಆರ್‌ಇ ಇರೋದು ಹೊರದೇಶದಲ್ಲಿ ದುಡಿದ ದುಡ್ಡಿಗೆ. ಇಲ್ಲಿ ಮನೆ ಮಾರಿದ ದುಡ್ಡು ಹೋಗೋದು ಎನ್‌ಆರ್‌ಓ ಖಾತೆಗೆ, ಅಂದರೆ ಅನಿವಾಸಿಗಳು ಇಲ್ಲಿನ ದುಡ್ಡು ಇಡೋ ಖಾತೆಗೆ. ಷಡ್ಡಕರಿಗೆ ನೋಟಿಸ್ ಬಂದಾಗ ನನ್ನ ಹತ್ರ ಕಳಿಸಬೇಡಿ.

ಬೋಗಾದಿ: ಅಹಂಕಾರ ನೋಡಿ.

ಅಡ್ಮಿನ್: ಬೋಗಾದಿ ಮೇಷ್ಟ್ರೇ, ಸಾಕು.

ಮದ್ದೂರು: ಮೇಲೆ ಅಂದ್ರೆ ಎಲ್ಲಿ ಸರ್?

ಆಡಿಟರ್: ಮೇಡಂ, ಇನ್ನು ಒಂದು ರೂಪಾಯಿ ಏಜೆಂಟ್‌ಗೆ ಕೊಡಬೇಡಿ. ಶಾಲೆಯ ಹೆಸರಲ್ಲೇ ಉದ್ಯೋಗ ವೀಸಾ, ಕರಾರು ಬರಲಿ. ಬಂದರೂ ಮೊದಲ ವರ್ಷ ಮನೆ ಇಟ್ಟುಕೊಂಡೇ ಹೋಗಿ. ಬಾಡಿಗೆಗೆ ಕೊಟ್ಟರೆ ನಿಮ್ಮ ಪಾಲಿನ ಬಾಡಿಗೆಯಲ್ಲಿ ಬಾಡಿಗೆಯವರು ಶೇ. 31.2 ಟಿಡಿಎಸ್ ಹಿಡೀಬೇಕು, ರಿಟರ್ನ್ ಹಾಕಿ ವಾಪಸ್ ತಗೋಬಹುದು. ಅದು ಸಣ್ಣ ತಲೆನೋವು. ನಾಳೆ 11 ಗಂಟೆಗೆ ಕ್ರಯಪತ್ರ, ಅಗ್ರಿಮೆಂಟ್, ಅಡ್ವಾನ್ಸ್ ರಸೀದಿ ತಗೊಂಡು ಬನ್ನಿ. ಅತ್ತೆಯವರನ್ನೂ ಕರೆತನ್ನಿ. ಆಫೀಸು ಮಹಡಿ ಮೇಲೆ, ಅವರು ಹತ್ತೋದು ಬೇಡ, ನಾನೇ ಕೆಳಗೆ ಬರ್ತೀನಿ.

ಗಣಿತ ಮೇಡಂ: ಅವರಿಗೆ ಇನ್ನೂ ಹೇಳಿಲ್ಲ ಸರ್.

ಆಡಿಟರ್: ಹಾಗಾದ್ರೆ ನಾಳೆ ಬೇಡ. ಇವತ್ತು ರಾತ್ರಿ ಊಟ ಆದಮೇಲೆ ಹೇಳಿ. ಬುಧವಾರ ಬನ್ನಿ.

ಪಿ.ಟಿ. ಮೇಷ್ಟ್ರು: ಸರ್, ನಾಯಿ?