ಎರಡು ಕೋಟ್ ಪೇಂಟ್ ಹೊಡೆಸಿದರೂ ಹೊಗೆಯ ಕಲೆ, ವಾಸನೆ ಹೋಗ್ತಿಲ್ಲ

ಪ್ರಶ್ನೆ:
ಎರಡು ತಿಂಗಳ ಹಿಂದೆ ನಮ್ಮ ಸ್ಟೋರ್ ರೂಮಿಗೆ ಬೆಂಕಿ ಬಿತ್ತು. ಹಳೇ ವೈರು, ಪ್ಲಾಸ್ಟಿಕ್ ಡಬ್ಬ, ಒಂದು ಹಾಸಿಗೆ ಸುಟ್ಟವು. ಯಾರಿಗೂ ಏನೂ ಆಗಲಿಲ್ಲ, ಅದೇ ಸಮಾಧಾನ. ಆದರೆ ಹೊಗೆ ನುಗ್ಗಿ ಪಕ್ಕದ ರೂಮಿನ ಗೋಡೆ, ಸೀಲಿಂಗ್ ಎಲ್ಲ ಕಪ್ಪಾಯಿತು. ಮಾರನೇ ದಿನವೇ ಸೋಪಿನ ನೀರು, ಬಟ್ಟೆ ಹಿಡಿದು ಉಜ್ಜಿದೆವು. ಅರ್ಧ ಹೋಯಿತು, ಉಳಿದದ್ದು ಗೋಡೆಗೇ ಮೆತ್ತಿಕೊಂಡಿತು. ಅದರ ಮೇಲೆಯೇ ಎಮಲ್ಷನ್ ಎರಡು ಕೋಟ್ ಹೊಡೆಸಿದೆವು. ಒಂದೇ ವಾರಕ್ಕೆ ಹಳದಿ ಕಲೆ ಮೇಲೆ ಬಂತು. ಮೋಡ ಕವಿದ ದಿನ ಬಾಗಿಲು ತೆಗೆದರೆ ಸುಟ್ಟ ಪ್ಲಾಸ್ಟಿಕ್ ವಾಸನೆ ಮುಖಕ್ಕೆ ಹೊಡೆಯುತ್ತದೆ. ಮೂರನೇ ಕೋಟ್ ಹೊಡೆಸಬೇಕಾ?

ಉತ್ತರ:
ಸದ್ಯಕ್ಕೆ ಬೇಡ. ಕಲೆ ಇರುವ ಕಡೆ ಅಗಲ ಟೇಪ್ ಒತ್ತಿ ಅಂಟಿಸಿ, ಒಮ್ಮೆಲೇ ಕಿತ್ತು ನೋಡಿ. ಟೇಪಿನ ಹಿಂದೆ ಏನು ಬಂತು ಹೇಳಿ.

ಪ್ರಶ್ನೆ ಕೇಳಿದವರು:
ಉಗುರಿನಷ್ಟು ಅಗಲದ ಪೇಂಟ್ ಸಿಪ್ಪೆ ಎದ್ದು ಬಂತು. ಮೇಲೆ ಬಿಳಿ, ಹಿಂದೆ ಪೂರ್ತಿ ಕಪ್ಪು. ಮುಟ್ಟಿದರೆ ಬೆರಳಿಗೆ ಹತ್ತುತ್ತದೆ.

ಉತ್ತರ:
ಹಾಗಾದರೆ ಪೇಂಟ್ ಗೋಡೆಗೆ ಹಿಡಿದೇ ಇಲ್ಲ, ಮಸಿಯ ಮೇಲೆ ಕೂತಿದೆ. ಎಮಲ್ಷನ್‌ನಲ್ಲಿ ನೀರಿರುತ್ತದೆ. ಆ ನೀರು ಮಸಿಯೊಳಗಿನ ಹಳದಿಯನ್ನು ಕರಗಿಸಿ ಮೇಲಕ್ಕೆ ಎಳೆದುಕೊಳ್ಳುತ್ತದೆ. ಹತ್ತು ಕೋಟ್ ಹೊಡೆದರೂ ಇದೇ ಕತೆ.

ಮಸಿಗೆ ಮೊದಲು ನೀರು ಮುಟ್ಟಿಸಲೇಬಾರದು. ಕಟ್ಟಿಗೆ, ಕಾಗದ ಸುಟ್ಟರೆ ಬರುವ ಮಸಿ ಒಣ ಪುಡಿ, ಸುಲಭವಾಗಿ ಉದುರುತ್ತದೆ. ಪ್ಲಾಸ್ಟಿಕ್, ರಬ್ಬರ್ ಸುಟ್ಟ ಮಸಿ ಜಿಡ್ಡು. ಒದ್ದೆ ಬಟ್ಟೆಯಲ್ಲಿ ಉಜ್ಜಿದಷ್ಟೂ ಗೋಡೆಯ ಸಣ್ಣ ರಂಧ್ರಗಳಿಗೆ ಇಳಿಯುತ್ತದೆ. ನಿಮಗೆ ಆಗಿರುವುದು ಇದೇ. ಬೇಜಾರು ಮಾಡ್ಕೋಬೇಡಿ, ತುಂಬಾ ಜನ ಮೊದಲು ನೀರನ್ನೇ ಹಿಡಿಯುತ್ತಾರೆ.

ಈಗ ಏಳುವ ಪೇಂಟನ್ನೆಲ್ಲ ಕೆರೆದು ತೆಗೆಯಿರಿ. ಎನ್-95 ಮಾಸ್ಕ್, ಗ್ಲೌಸ್, ಕನ್ನಡಕ ಹಾಕಿಕೊಳ್ಳಿ, ಕಿಟಕಿ ತೆಗೆದಿಡಿ, ಮಕ್ಕಳನ್ನು ಆ ಕಡೆ ಬಿಡಬೇಡಿ. ಉದುರಿದ್ದನ್ನು ಪೊರಕೆಯಲ್ಲಿ ಗುಡಿಸಿದರೆ ಮತ್ತೆ ಗಾಳಿಗೆ ಏಳುತ್ತದೆ, ಹೆಪಾ ಫಿಲ್ಟರ್ (ತೀರಾ ಸಣ್ಣ ಧೂಳನ್ನೂ ಹಿಡಿಯುವ ಫಿಲ್ಟರ್) ಇರುವ ವ್ಯಾಕ್ಯೂಮ್ ಕ್ಲೀನರ್ ಬಳಸಿ. ಉಳಿದ ಮಸಿಗೆ ಮಸಿ ಒರೆಸುವ ಒಣ ರಬ್ಬರ್ ಸ್ಪಂಜ್ ಸಿಗುತ್ತದೆ. ಮೇಲಿನಿಂದ ಕೆಳಕ್ಕೆ ಒಂದೇ ದಿಕ್ಕಿನಲ್ಲಿ ಎಳೆಯಿರಿ, ಹಿಂದೆ ಮುಂದೆ ಉಜ್ಜಬೇಡಿ. ಸ್ಪಂಜಿನ ಮುಖ ಕಪ್ಪಾದರೆ ಆ ಪದರ ಕತ್ತರಿಸಿ ತೆಗೆಯಿರಿ, ತೊಳೆಯಬೇಡಿ.

ಸ್ಪಂಜಿಗೆ ಕಪ್ಪು ಬರುವುದು ನಿಂತ ಮೇಲಷ್ಟೇ ನೀರು. ಜಿಡ್ಡು ತೆಗೆಯುವ ಸೋಪಿನ ನೀರಲ್ಲಿ ಕೆಳಗಿನಿಂದ ಮೇಲಕ್ಕೆ ತೊಳೆಯಿರಿ, ಆಗ ಒಣ ಗೋಡೆಯ ಮೇಲೆ ಕೊಳೆನೀರು ಹರಿದು ಗೆರೆ ಬೀಳುವುದಿಲ್ಲ. ಬ್ಲೀಚ್ ಜೊತೆ ಅಮೋನಿಯಾ ಅಥವಾ ಆಸಿಡ್ ಮಾತ್ರ ಎಂದೂ ಸೇರಿಸಬೇಡಿ, ವಿಷಗಾಳಿ ಬರುತ್ತದೆ. ಗೋಡೆ ಪೂರ್ತಿ ಒಣಗಲಿ. ಆಮೇಲೆ ಕಲೆ ತಡೆಯುವ ಪ್ರೈಮರ್, ಅಂದರೆ ಪೇಂಟಿಗೆ ಮೊದಲು ಹೊಡೆಯುವ ಕೋಟ್, ಶೆಲ್ಯಾಕ್ ಅಥವಾ ಆಯಿಲ್ ಬೇಸ್‌ನದು. ಶೆಲ್ಯಾಕ್ ಅಂದರೆ ಅರಗು, ವಾಸನೆಯನ್ನೂ ಚೆನ್ನಾಗಿ ತಡೆಯುತ್ತದೆ. ಅದರಲ್ಲಿ ಸ್ಪಿರಿಟ್ ಇರುವುದರಿಂದ ಹತ್ತಿರ ಬೆಂಕಿ ಬೇಡ. ಎಮಲ್ಷನ್ ಕೊನೆಗೆ.

ಇನ್ನೊಂದು ಉತ್ತರ:
ವಾಸನೆ ಬರೀ ಗೋಡೆಯಿಂದ ಅಲ್ಲ. ಬಿಸಿ ಹೊಗೆ ತಣ್ಣಗಿರುವ ಜಾಗ ಹುಡುಕಿಕೊಂಡು ಹೋಗುತ್ತದೆ. ಬೀರು ಹಿಂದೆ, ಡ್ರಾಯರ್ ಒಳಗೆ, ಫ್ಯಾನ್ ರೆಕ್ಕೆಯ ಮೇಲ್ಭಾಗ, ಏಸಿ ಫಿಲ್ಟರ್ ಎಲ್ಲ ನೋಡಿ. ಮೂಲೆಯಲ್ಲಿ ಜೇಡರ ಬಲೆಯ ಹಾಗೆ ಕಪ್ಪು ಎಳೆ ನೇತಾಡುತ್ತಿದ್ದರೆ ಅದೂ ಮಸಿಯೇ. ಸ್ವಿಚ್ ಬೋರ್ಡನ್ನು ನೀವೇ ಬಿಚ್ಚಬೇಡಿ. ವೈರಿನ ಮೇಲಿನ ಪಿವಿಸಿ ಪ್ಲಾಸ್ಟಿಕ್ ಸುಟ್ಟ ಹೊಗೆ ಆಸಿಡ್ ಥರ ಲೋಹವನ್ನು ತಿನ್ನುತ್ತದೆ, ಎಲೆಕ್ಟ್ರಿಷಿಯನ್ ನೋಡಲಿ. ಹೊಗೆ ಹೊಕ್ಕ ಟಿವಿ, ಕಂಪ್ಯೂಟರ್ ಸುಮ್ನೆ ಆನ್ ಮಾಡಿ ನೋಡಬೇಡಿ. ಬಟ್ಟೆಗಳನ್ನು ವಾಸನೆ ಹೋಗುವವರೆಗೆ ಇಸ್ತ್ರಿ ಮಾಡಬೇಡಿ, ಬಿಸಿ ತಾಗಿದರೆ ವಾಸನೆ ಬಟ್ಟೆಯಲ್ಲೇ ಕೂರುತ್ತದೆ. ವಾಸನೆ ಹೋಗಲು ಓಝೋನ್ ಅನಿಲ ಬಿಡುವ ಮಷಿನ್ ಇಡಿ ಅಂತ ಯಾರಾದರೂ ಹೇಳಬಹುದು. ಆ ಗಾಳಿ ಶ್ವಾಸಕೋಶಕ್ಕೆ ಕೆಟ್ಟದ್ದು, ಮಸಿಯನ್ನಂತೂ ತೆಗೆಯುವುದಿಲ್ಲ.

ಪ್ರಶ್ನೆ ಕೇಳಿದವರು:
ಮೂರು ವಾರ ಆಯ್ತು, ಹೇಳಬೇಕು ಅನ್ನಿಸಿತು. ಸ್ಟೂಲ್ ಹತ್ತಿ ಫ್ಯಾನಿನ ರೆಕ್ಕೆ ಮೇಲೆ ಬೆರಳಾಡಿಸಿದೆ, ಗ್ರೀಸ್ ಥರ ಕಪ್ಪು ಬಂತು. ಇಷ್ಟು ದಿನ ಅದನ್ನೇ ತಿರುಗಿಸುತ್ತಿದ್ದೆವು! ಎರಡು ಗೋಡೆ ಕೆರೆದು, ತೊಳೆದು, ಶೆಲ್ಯಾಕ್ ಪ್ರೈಮರ್ ಹೊಡೆದು ಹತ್ತು ದಿನವಾಯಿತು. ಹಳದಿ ಬಂದಿಲ್ಲ. ನಿನ್ನೆ ಮಳೆ ಇತ್ತು, ವಾಸನೆ ಬೀರಿನ ಹತ್ತಿರ ಮಾತ್ರ ಇದೆ. ಭಾನುವಾರ ಬೀರು ಸರಿಸುತ್ತೇವೆ.